ಶುಕ್ರಗ್ರಹದ ಮೋಡಗಳು ಮತ್ತು ಧ್ರುವೀಕೃತ ಬೆಳಕು: ಒಂದು ಅಳತೆಯ ಇತಿಹಾಸ

1

ಸಂಜೆ ಪಡುವಣದಲ್ಲಿಯೂ ಬೆಳಗಿನ ಜಾವ ಮೂಡಣದಲ್ಲಿಯೂ ಕಾಣಿಸಿಕೊಳ್ಳುವ ಶುಕ್ರಗ್ರಹವನ್ನು ನಮ್ಮ ಜನ ಬೆಳ್ಳಿಯೆಂದು ಕರೆಯುತ್ತ ಬಂದಿದ್ದಾರೆ. ಸೂರ್ಯಚಂದ್ರರನ್ನು ಬಿಟ್ಟರೆ ಇದಕ್ಕಿಂತ ಹೆಚ್ಚಾಗಿ ಹೊಳೆಯುವ ಗ್ರಹವಾಗಲಿ ನಕ್ಷತ್ರವಾಗಲಿ ಆಕಾಶದಲ್ಲಿಲ್ಲ. ಈ ಹೊಳಪಿಗೆ ಮುಖ್ಯ ಕಾರಣ, ಗ್ರಹದ ನೆಲವನ್ನು ಎಲ್ಲಿಯೂ ತೆರಪಿಲ್ಲದಂತೆ ಮುಚ್ಚಿಕೊಂಡಿರುವ ಮೋಡಗಳ ಹೊದಿಕೆ. ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಸುಮಾರು ಮುಕ್ಕಾಲು ಪಾಲನ್ನು ಅದು ಹಿಂದಕ್ಕೆ ಕಳುಹಿಸುತ್ತದೆ. ಯಾವ ಗುಣವು ಶುಕ್ರನನ್ನು ಬರಿಗಣ್ಣಿಗೆ ಸುಲಭಗೋಚರವನ್ನಾಗಿ ಮಾಡಿತೋ ಅದೇ ಗುಣವು ದೂರದರ್ಶಕಕ್ಕೆ ಅದನ್ನು ದುರ್ಭೇದ್ಯವನ್ನಾಗಿಯೂ ಮಾಡಿತು.

ಈ ಮೋಡಗಳು ಯಾವ ವಸ್ತುವಿನಿಂದ ಆದವು ಎಂಬ ಪ್ರಶ್ನೆಗೆ ನಿರ್ಣಾಯಕವಾದ ಉತ್ತರ ದೊರೆತದ್ದು 1970ರ ದಶಕದ ಮೊದಲ ಭಾಗದಲ್ಲಿ. ಆದರೆ ಆ ಉತ್ತರಕ್ಕೆ ಆಧಾರವಾದ ಅಳತೆಗಳಲ್ಲಿ ಮುಖ್ಯವಾದ ಒಂದು 1929ರಷ್ಟು ಹಿಂದೆಯೇ ಅಚ್ಚಾಗಿ ಗ್ರಂಥಾಲಯಗಳನ್ನು ಸೇರಿತ್ತು. ಆ ನಾಲ್ಕೂವರೆ ದಶಕಗಳ ಕಾಲ ಅದನ್ನು ಯಾರೂ ಓದಲಿಲ್ಲವೆಂದಲ್ಲ. ಓದಿದವರುಂಟು, ಓದಿ ತಪ್ಪು ನಿರ್ಣಯಕ್ಕೆ ಬಂದವರೂ ಉಂಟು. ಅಳತೆಗೂ ಅದರ ಅರ್ಥಕ್ಕೂ ನಡುವೆ ಇಷ್ಟು ದೀರ್ಘವಾದ ಅಂತರ ಏಕೆ ಬಿದ್ದಿತು, ಅದು ಹೇಗೆ ತುಂಬಿತು ಎಂಬುದನ್ನು ಸ್ಥೂಲವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

2

ಬೆಳಕಿನ ಧ್ರುವೀಕರಣದ ಚರಿತ್ರೆ ಐಸ್‌ಲೆಂಡ್ ಸ್ಪಾರ್ ಎಂಬ ಪಾರದರ್ಶಕವಾದ ಹರಳಿನಿಂದ ಆರಂಭವಾಗುತ್ತದೆ. ಈ ಹರಳಿನ ಮೂಲಕ ನೋಡಿದ ವಸ್ತು ಎರಡಾಗಿ ತೋರುವುದನ್ನು 1669ರಲ್ಲಿ ಡೆನ್ಮಾರ್ಕಿನ ಬಾರ್ಥೊಲಿನನು ವರ್ಣಿಸಿದನು. ಹೈಗೆನ್ಸನು 1690ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದನ್ನು ತರಂಗವಾದದ ಮೂಲಕ ವಿವರಿಸಲು ಯತ್ನಿಸಿದನಾದರೂ, ಇಬ್ಭಾಗವಾದ ಎರಡು ಕಿರಣಗಳ ಸ್ವಭಾವಭೇದವೇನೆಂಬುದು ಅವನಿಗೆ ತಿಳಿಯಲಿಲ್ಲ. 1808ರಲ್ಲಿ ಪ್ಯಾರಿಸಿನ ಮಾಲೂಸನು ಲಕ್ಸೆಂಬರ್ಗ್ ಅರಮನೆಯ ಕಿಟಕಿಗಾಜುಗಳ ಮೇಲೆ ಪ್ರತಿಫಲಿತವಾಗುತ್ತಿದ್ದ ಅಸ್ತಮಾನದ ಬಿಸಿಲನ್ನು ಇದೇ ಹರಳಿನ ಮೂಲಕ ನೋಡಿ, ಹರಳನ್ನು ತಿರುಗಿಸಿದಂತೆಲ್ಲ ಎರಡು ಬಿಂಬಗಳಲ್ಲಿ ಒಂದು ಮಸುಕಾಗಿ ಇನ್ನೊಂದು ಉಜ್ಜ್ವಲವಾಗುವುದನ್ನು ಕಂಡನು. ಪ್ರತಿಫಲನದಿಂದಲೇ ಬೆಳಕಿಗೆ ಒಂದು ದಿಕ್ಕಿನ ಪಕ್ಷಪಾತ ಪ್ರಾಪ್ತವಾಗುತ್ತದೆ ಎಂಬುದು ಅಂದು ತಿಳಿದು ಬಂದ ಹೊಸ ಸಂಗತಿ. ಬೆಳಕು ತಾನು ಸಾಗುವ ದಿಕ್ಕಿಗೆ ಅಡ್ಡವಾಗಿ ಕಂಪಿಸುವ ತರಂಗ ಎಂದು ಮುಂದೆ ಫ್ರೆನೆಲನು ಸ್ಥಾಪಿಸಿದ ಮೇಲೆ ಈ ಪಕ್ಷಪಾತದ ಅರ್ಥ ಸ್ಪಷ್ಟವಾಯಿತು. ಸಾಮಾನ್ಯವಾದ ಬೆಳಕಿನಲ್ಲಿ ಕಂಪನಗಳು ಎಲ್ಲ ಅಡ್ಡ ದಿಕ್ಕುಗಳಲ್ಲಿಯೂ ಸಮನಾಗಿ ಹಂಚಿರುತ್ತವೆ. ಧ್ರುವೀಕೃತ ಬೆಳಕಿನಲ್ಲಿ ಒಂದು ದಿಕ್ಕಿನ ಕಂಪನ ಮೇಲುಗೈಯಾಗಿರುತ್ತದೆ.

ಈ ಸಂಗತಿಯನ್ನು ಖಗೋಳಕ್ಕೆ ಅನ್ವಯಿಸಿದ ಕೀರ್ತಿ ಅರಾಗೋವಿಗೆ ಸಲ್ಲತಕ್ಕದ್ದು. ಹಗಲಿನ ಆಕಾಶದ ಬೆಳಕು ಧ್ರುವೀಕೃತವಾಗಿದೆಯೆಂದು ಅವನು ತೋರಿಸಿದನು; 1819ರ ಧೂಮಕೇತುವಿನ ಬೆಳಕಿನಲ್ಲಿಯೂ ಧ್ರುವೀಕರಣವನ್ನು ಕಂಡು, ಅದರಲ್ಲಿ ಒಂದು ಭಾಗವಾದರೂ ಸೂರ್ಯನಿಂದ ಎರವಲು ಪಡೆದದ್ದೆಂದು ನಿರ್ಣಯಿಸಿದನು. ಕಾದು ಕೆಂಪಾದ ಘನ ಅಥವಾ ದ್ರವದ ಮೈಯಿಂದ ಓರೆಯಾಗಿ ಹೊರಡುವ ಬೆಳಕು ಧ್ರುವೀಕೃತವಾಗಿರುತ್ತದೆ. ಸೂರ್ಯಬಿಂಬದ ಅಂಚಿನ ಬೆಳಕಿನಲ್ಲಿ ಅಂತಹ ಲಕ್ಷಣವಿಲ್ಲ. ಆದುದರಿಂದ ಸೂರ್ಯನ ಹೊರಮೈ ಅನಿಲರೂಪದ್ದಾಗಿರಬೇಕು ಎಂದು ಅವನು ವಾದಿಸಿದನು. ಮುಟ್ಟಲಾಗದ ವಸ್ತುವಿನ ಭೌತಸ್ಥಿತಿಯನ್ನು ಅದರ ಬೆಳಕಿನ ಕಂಪನದಿಕ್ಕಿನಿಂದ ಊಹಿಸುವ ಕ್ರಮಕ್ಕೆ ಇದು ಮೊದಲ ಮೇಲ್ಪಂಕ್ತಿ.

3

ಗ್ರಹದಿಂದ ನಮಗೆ ಬರುವ ಬೆಳಕು ಸೂರ್ಯನದೇ ಆದರೂ, ವಾತಾವರಣದ ಕಣಗಳಿಂದ ಚೆದುರಿ ಬರುವಾಗ ಅದು ಆ ಕಣಗಳ ಗುರುತನ್ನು ಹೊತ್ತು ತರುತ್ತದೆ. ಈ ಗುರುತು ಎರಡು ಬಗೆಯದು. ಬೆಳಕಿನ ಅಲೆಯುದ್ದಕ್ಕಿಂತ ಬಹಳ ಚಿಕ್ಕದಾದ ಅಣುಗಳಿಂದ ಚೆದುರಿದ ಬೆಳಕಿನ ನಿಯಮವನ್ನು 1871ರಲ್ಲಿ ರೇಲಿಯು ಗಣಿತದ ಮೂಲಕ ನಿರೂಪಿಸಿದನು. ಚೆದುರಿಕೆಯ ಬಲ ಅಲೆಯುದ್ದದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ಧ್ರುವೀಕರಣವು ಬಿದ್ದ ಕಿರಣಕ್ಕೆ ಲಂಬವಾದ ದಿಕ್ಕಿನಲ್ಲಿ ಅತ್ಯಧಿಕವಾಗಿರುತ್ತದೆ. ಅಲೆಯುದ್ದಕ್ಕೆ ಸಮನಾದ ಅಥವಾ ಅದಕ್ಕಿಂತ ದೊಡ್ಡದಾದ ಗೋಳಾಕಾರದ ಹನಿಗಳ ವಿಷಯ ಇಷ್ಟು ಸರಳವಲ್ಲ. 1908ರಲ್ಲಿ ಜರ್ಮನಿಯ ಗುಸ್ಟಾವ್ ಮೀ ಅವರು ಇದಕ್ಕೆ ಪೂರ್ಣವಾದ ಗಣಿತವನ್ನು ಒದಗಿಸಿದರು. ಅದರಂತೆ ಧ್ರುವೀಕರಣವು ಕೋನದೊಡನೆ ಏರಿಳಿಯುತ್ತದೆ, ಕೆಲವೆಡೆ ದಿಕ್ಕನ್ನೇ ಬದಲಾಯಿಸುತ್ತದೆ. ಈ ಏರಿಳಿತಗಳ ಸ್ಥಾನವನ್ನು ಹನಿಯ ಗಾತ್ರವೂ ಅದರ ವಕ್ರೀಭವನಾಂಕವೂ ನಿರ್ಧರಿಸುತ್ತವೆ.

ಇದಕ್ಕೆ ಎಲ್ಲರೂ ಬಲ್ಲ ನಿದರ್ಶನ ಕಾಮನಬಿಲ್ಲು. ಅದರ ಬೆಳಕು ಬಹಳಮಟ್ಟಿಗೆ ಧ್ರುವೀಕೃತವಾದದ್ದು. ಒಂದು ಪೋಲರಾಯ್ಡ್ ಹಾಳೆಯನ್ನು ಕಣ್ಣಿನ ಮುಂದೆ ಹಿಡಿದು ತಿರುಗಿಸಿದರೆ ಬಿಲ್ಲಿನ ಭಾಗಗಳು ಮರೆಯಾಗಿ ಮತ್ತೆ ಮೂಡುವುದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಬಿಲ್ಲು ಸೂರ್ಯನ ಎದುರು ಬಿಂದುವಿನಿಂದ ಸುಮಾರು 42 ಡಿಗ್ರಿ ದೂರದಲ್ಲಿ ಕಾಣುವುದು ನೀರಿನ ವಕ್ರೀಭವನಾಂಕ 1.33 ಆಗಿರುವುದರಿಂದ. ಅಂಕ ಹೆಚ್ಚಿದರೆ ಬಿಲ್ಲು ಕಿರಿದಾಗುತ್ತದೆ. ಹೀಗೆ ಬಿಲ್ಲಿನ ಕೋನವನ್ನು ಅಳೆದರೆ ಹನಿಯ ದ್ರವ ಯಾವುದೆಂದು ತಿಳಿಯುವ ದಾರಿ ತೆರೆದುಕೊಳ್ಳುತ್ತದೆ.

ಚೆದುರಿದ ಬೆಳಕನ್ನು ಉಳಿದ ಬೆಳಕಿನಿಂದ ಬೇರ್ಪಡಿಸಲು ಧ್ರುವೀಕರಣ ಎಷ್ಟು ಉಪಯುಕ್ತವೆಂಬುದಕ್ಕೆ ನಮ್ಮ ದೇಶದ ವಿಜ್ಞಾನಚರಿತ್ರೆಯಲ್ಲಿಯೇ ಒಂದು ಪ್ರಸಿದ್ಧ ಉದಾಹರಣೆಯಿದೆ. ಮುಂದೆ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಚಂದ್ರಶೇಖರ ವೆಂಕಟರಾಮನ್ ಅವರು 1921ರ ಸಮುದ್ರಯಾನದಲ್ಲಿ ನಿಕಲ್ ಪಟ್ಟಕವೊಂದನ್ನು ಸಂಗಡ ಒಯ್ದಿದ್ದರು. ನೀರಿನ ಮೈಯಿಂದ ಪ್ರತಿಫಲಿಸಿದ ಆಕಾಶದ ಬೆಳಕನ್ನು ಅದರಿಂದ ತಡೆದು ನೋಡಿದಾಗಲೂ ಕಡಲಿನ ನೀಲಿ ಮಾಸಲಿಲ್ಲ. ಆ ನೀಲಿ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳಿಂದಲೇ ಚೆದುರಿದ್ದು ಎಂಬ ನಿರ್ಣಯಕ್ಕೆ ಆ ಚಿಕ್ಕ ಉಪಕರಣ ಸಾಕಾಯಿತು.

4

ಗ್ರಹಗಳ ಧ್ರುವೀಕರಣವನ್ನು ನಿಖರವಾದ ಶಾಸ್ತ್ರವನ್ನಾಗಿ ಮಾಡಿದವರು ಫ್ರಾನ್ಸಿನ ಬೆರ್ನಾರ್ ಲಿಯೋ ಅವರು. 1897ರಲ್ಲಿ ಜನಿಸಿದ ಇವರು 1920ರಲ್ಲಿ ಮ್ಯೂಡಾನ್ ವೀಕ್ಷಣಾಲಯವನ್ನು ಸೇರಿದರು. ಗ್ರಹಣವಿಲ್ಲದ ಹೊತ್ತಿನಲ್ಲಿಯೂ ಸೂರ್ಯನ ಕಿರೀಟವನ್ನು ನೋಡಲು ಸಾಧ್ಯವಾಗಿಸಿದ ಕರೋನಾಗ್ರಾಫ್ ಯಂತ್ರದ ನಿರ್ಮಾತೃವೆಂದು ಇವರ ಹೆಸರು ಹೆಚ್ಚು ಪ್ರಸಿದ್ಧ. ಅದಕ್ಕೆ ಮೊದಲೇ ಇವರು ಕೈಗೊಂಡ ಕೆಲಸ ಗ್ರಹಗಳ ಬೆಳಕಿನ ಧ್ರುವೀಕರಣದ್ದು.

ಗ್ರಹಗಳ ಬೆಳಕಿನಲ್ಲಿ ಧ್ರುವೀಕರಣದ ಪ್ರಮಾಣ ಬಹಳ ಕಡಿಮೆ. ಶುಕ್ರನಲ್ಲಿ ಅದು ನೂರಕ್ಕೆ ಕೆಲವೇ ಪಾಲು. ಲಿಯೋ ಅವರು ಹಳೆಯ ಸವಾರ್ ಪಟ್ಟೆಯ ಉಪಕರಣವನ್ನು ಸುಧಾರಿಸಿ, ಸಾವಿರದಲ್ಲಿ ಒಂದು ಪಾಲಿನಷ್ಟು ಧ್ರುವೀಕರಣವನ್ನು ಕಣ್ಣಿನಿಂದಲೇ ಅಳೆಯಬಲ್ಲ ಮಾಪಕವನ್ನು ರಚಿಸಿದರು. ಧ್ರುವೀಕೃತ ಬೆಳಕು ಈ ಉಪಕರಣದಲ್ಲಿ ನವಿರಾದ ಪಟ್ಟೆಗಳನ್ನು ಮೂಡಿಸುತ್ತದೆ. ಓರೆಯಾಗಿ ನಿಲ್ಲಿಸಿದ ಗಾಜಿನ ಹಲಗೆಯಿಂದ ತಿಳಿದ ಪ್ರಮಾಣದ ಧ್ರುವೀಕರಣವನ್ನು ಕೂಡಿಸಿ ಪಟ್ಟೆಗಳನ್ನು ಅಳಿಸಿದರೆ, ಎಷ್ಟು ಕೂಡಿಸಬೇಕಾಯಿತೋ ಅದರಿಂದ ಗ್ರಹದ ಬೆಳಕಿನ ಪ್ರಮಾಣ ತಿಳಿಯುತ್ತದೆ.

ಶುಕ್ರನನ್ನು ಆರಿಸಿಕೊಂಡದ್ದಕ್ಕೆ ಒಂದು ಸಹಜವಾದ ಅನುಕೂಲವೂ ಇತ್ತು. ಗ್ರಹದಲ್ಲಿ ನಿಂತು ನೋಡಿದರೆ ಸೂರ್ಯನಿಗೂ ಭೂಮಿಗೂ ನಡುವೆ ಕಾಣುವ ಕೋನವನ್ನು ಕಲಾಕೋನ ಎನ್ನೋಣ. ಮಂಗಳನ ಕಲಾಕೋನ ಸುಮಾರು 47 ಡಿಗ್ರಿಯನ್ನೂ ಗುರುವಿನದು ಸುಮಾರು 12 ಡಿಗ್ರಿಯನ್ನೂ ಮೀರುವುದಿಲ್ಲ. ಶುಕ್ರನು ಭೂಮಿಗಿಂತ ಒಳಗಣ ಕಕ್ಷೆಯಲ್ಲಿ ಸುತ್ತುವುದರಿಂದ ಚಂದ್ರನಂತೆ ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗಿನ ಎಲ್ಲ ಕಲೆಗಳನ್ನೂ ತೋರುತ್ತಾನೆ. ಅವನ ಕಲಾಕೋನ ಸೊನ್ನೆಯಿಂದ 180 ಡಿಗ್ರಿಯವರೆಗೆ ವ್ಯಾಪಿಸುತ್ತದೆ. ಮೀ ಅವರ ಗಣಿತ ಯಾವ ವಕ್ರರೇಖೆಯನ್ನು ಕೇಳುತ್ತದೆಯೋ ಅದನ್ನು ಬಹುಮಟ್ಟಿಗೆ ಪೂರ್ಣವಾಗಿ ನೆಲದಿಂದಲೇ ಅಳೆಯಲು ಅವಕಾಶ ಕೊಡುವ ಮೋಡದ ಗ್ರಹ ಇದೊಂದೇ.

ವರ್ಷಗಳ ಕಾಲ ಅಳೆದು ಲಿಯೋ ಅವರು ರಚಿಸಿದ ವಕ್ರರೇಖೆ 1929ರ ಅವರ ಪ್ರೌಢಪ್ರಬಂಧದಲ್ಲಿ ಪ್ರಕಟವಾಯಿತು. ಅದು ಸರಳವಾದ ರೇಖೆಯಲ್ಲ. ಕಂಪನವು ಸೂರ್ಯ, ಶುಕ್ರ, ಭೂಮಿಗಳಿರುವ ಸಮತಲಕ್ಕೆ ಲಂಬವಾಗಿ ಮೇಲುಗೈಯಾದಾಗ ಧ್ರುವೀಕರಣವನ್ನು ಧನವೆಂದೂ ಆ ಸಮತಲದಲ್ಲಿಯೇ ಮೇಲುಗೈಯಾದಾಗ ಋಣವೆಂದೂ ಕರೆಯುವುದು ರೂಢಿ. ಶುಕ್ರನ ರೇಖೆ ಸುಮಾರು 20 ಡಿಗ್ರಿಯ ಆಸುಪಾಸಿನಲ್ಲಿ ಧನದ ಒಂದು ಶಿಖರವನ್ನು ಮುಟ್ಟಿ, ಅನಂತರ ಇಳಿದು, ವಿಶಾಲವಾದ ವ್ಯಾಪ್ತಿಯಲ್ಲಿ ಋಣವಾಗಿಯೇ ಸಾಗುತ್ತದೆ. ಲಿಯೋ ಅವರು ಪ್ರಯೋಗಶಾಲೆಯಲ್ಲಿ ನೀರಿನ ಮಂಜುಗಳನ್ನೂ ಅಳೆದು ಹೋಲಿಸಿ, ಶುಕ್ರನ ರೇಖೆ ಎರಡು ಮೈಕ್ರಾನಿಗೆ ಸಮೀಪದ ವ್ಯಾಸವುಳ್ಳ ಸಣ್ಣ ಹನಿಗಳದನ್ನು ಹೋಲುತ್ತದೆಯೆಂದು ಕಂಡರು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು.

5

ಇಲ್ಲಿಂದ ಮುಂದೆ ಚರಿತ್ರೆ ನೇರವಾಗಿ ಸಾಗಲಿಲ್ಲ. 1932ರಲ್ಲಿ ಮೌಂಟ್ ವಿಲ್ಸನ್ ವೀಕ್ಷಣಾಲಯದ ಆಡಮ್ಸ್ ಮತ್ತು ಡನ್‌ಹ್ಯಾಮ್ ಅವರು ಶುಕ್ರನ ರೋಹಿತದಲ್ಲಿ ಇಂಗಾಲದ ಡೈ ಆಕ್ಸೈಡಿನ ರೇಖೆಗಳನ್ನು ಗುರುತಿಸಿದರು. ರೋಹಿತವು ಅನಿಲಗಳ ವಿಷಯವನ್ನು ಹೇಳಬಲ್ಲದು. ತೆಳುವಾದ ಗೆರೆಗಳ ಮುದ್ರೆಯಿಲ್ಲದ ಹನಿಗಳ ವಿಷಯದಲ್ಲಿ ಅದು ಬಹುಮಟ್ಟಿಗೆ ಮೌನ. ಈ ಮೌನದಲ್ಲಿ ಊಹೆಗಳು ಬೆಳೆದವು. 1940ರಲ್ಲಿ ರೂಪರ್ಟ್ ವಿಲ್ಟ್ ಅವರು ಫಾರ್ಮಾಲ್ಡಿಹೈಡನ್ನೂ 1955ರಲ್ಲಿ ಫ್ರೆಡ್ ಹಾಯ್ಲ್ ಅವರು ಎಣ್ಣೆಯ ಹನಿಗಳನ್ನೂ ಸೂಚಿಸಿದರು. ಅದೇ 1955ರಲ್ಲಿ ಮೆನ್‌ಜೆಲ್ ಮತ್ತು ವಿಪ್ಪಲ್ ಎಂಬ ಅಮೆರಿಕದ ಖ್ಯಾತ ಖಗೋಳಶಾಸ್ತ್ರಜ್ಞರಿಬ್ಬರು ಶುಕ್ರನ ಮೋಡಗಳು ನೀರಿನವೇ ಎಂದು ವಾದಿಸಿದರು. ಅಲ್ಲಿ ಸಾಗರಗಳಿರಬಹುದೆಂದೂ ಊಹಿಸಿದರು. ಅವರ ಮುಖ್ಯ ಆಧಾರಗಳಲ್ಲಿ ಒಂದು, ಲಿಯೋ ಅವರ ವಕ್ರರೇಖೆ ನೀರಿನ ಹನಿಗಳದನ್ನು ಹೋಲುತ್ತದೆ ಎಂಬ ಸಂಗತಿ.

ಈ ವಾದದ ಕೊರತೆಯನ್ನು ಇಂದು ಸುಲಭವಾಗಿ ತೋರಿಸಬಹುದು. ಹೋಲಿಕೆಗೆ ಪ್ರಯೋಗಶಾಲೆಯಲ್ಲಿ ಸಿಕ್ಕ ಹನಿಗಳೆಂದರೆ ನೀರಿನವು. ಆದುದರಿಂದ ಹೋಲಿದ್ದೂ ನೀರನ್ನೇ. ಹನಿಯ ಗಾತ್ರದಿಂದ ಬರುವ ಲಕ್ಷಣ ಯಾವುದು, ದ್ರವದ ಗುಣದಿಂದ ಬರುವ ಲಕ್ಷಣ ಯಾವುದು ಎಂದು ಬಿಡಿಸಿ ನೋಡುವ ಸಾಧನ ಆಗ ಇರಲಿಲ್ಲ. ಸಾದೃಶ್ಯವು ಗುರುತಿಗೆ ಸಮವಲ್ಲ ಎಂಬ ತರ್ಕಶಾಸ್ತ್ರದ ಹಳೆಯ ಎಚ್ಚರಿಕೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಮಂಗಳನ ವಿಷಯದಲ್ಲಿ ಇದಕ್ಕಿಂತ ದೊಡ್ಡ ಎಡವಟ್ಟಾಯಿತು. ಮಂಗಳನ ಬೆಳಕಿನ ಪ್ರಮಾಣವನ್ನೂ ಧ್ರುವೀಕರಣವನ್ನೂ ಅಳೆದು, ಅದರಲ್ಲಿ ಅನಿಲದಿಂದ ಚೆದುರಿದ ಪಾಲೆಷ್ಟೆಂದು ಲೆಕ್ಕಹಾಕಿ, ಅಲ್ಲಿಯ ನೆಲಮಟ್ಟದ ವಾಯುಭಾರ ಸುಮಾರು 85 ಮಿಲಿಬಾರ್ ಎಂದು 1950ರ ದಶಕದಲ್ಲಿ ಅಂಗೀಕರಿಸಲಾಗಿತ್ತು. 1965ರ ಜುಲೈಯಲ್ಲಿ ಮ್ಯಾರಿನರ್ 4 ನೌಕೆಯ ರೇಡಿಯೋ ಸಂಕೇತ ಮಂಗಳನ ಹಿಂದೆ ಮರೆಯಾಗುವಾಗ ದೊರೆತ ಅಳತೆಯಿಂದ ಅದು ಹತ್ತು ಮಿಲಿಬಾರಿಗಿಂತಲೂ ಕಡಿಮೆಯೆಂದು ತಿಳಿಯಿತು. ಗಾಳಿಯಲ್ಲಿ ತೇಲುತ್ತಿದ್ದ ನುಣ್ಣನೆಯ ಧೂಳಿನಿಂದ ಚೆದುರಿದ ಬೆಳಕು ಅನಿಲದ ಲೆಕ್ಕಕ್ಕೆ ಸೇರಿಹೋಗಿತ್ತು. ಅಳತೆ ಸರಿಯಾಗಿತ್ತು, ಅಳೆದದ್ದು ಯಾವುದನ್ನು ಎಂಬ ತಿಳಿವು ತಪ್ಪಾಗಿತ್ತು.

6

ಕೊರತೆ ತುಂಬಿದ್ದು ಮೂರು ದಿಕ್ಕಿನಿಂದ. ಮೊದಲನೆಯದು ಸಿದ್ಧಾಂತ. ಮೋಡದೊಳಗೆ ಹೊಕ್ಕ ಬೆಳಕು ಒಂದು ಹನಿಯಿಂದ ಇನ್ನೊಂದಕ್ಕೆ ಅನೇಕ ಸಲ ಚೆದುರಿ ಹೊರಬರುತ್ತದೆ. ಇದರ ಗಣಿತವನ್ನು ಧ್ರುವೀಕರಣಸಹಿತವಾಗಿ ಕಟ್ಟಿದವರು ಲಾಹೋರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರು. 1852ರಲ್ಲಿ ಸ್ಟೋಕ್ಸನು ಸೂಚಿಸಿ, ಬಹುಮಟ್ಟಿಗೆ ಮರೆತುಹೋಗಿದ್ದ ನಾಲ್ಕು ಪರಿಮಾಣಗಳ ಕ್ರಮವನ್ನು ಪುನರುಜ್ಜೀವನಗೊಳಿಸಿ, 1950ರಲ್ಲಿ ಪ್ರಕಟವಾದ ವಿಕಿರಣಸಂಚಾರವನ್ನು ಕುರಿತ ತಮ್ಮ ಗ್ರಂಥದಲ್ಲಿ ಅವರು ಅದಕ್ಕೆ ಶಾಸ್ತ್ರದಲ್ಲಿ ಸ್ಥಿರವಾದ ಸ್ಥಾನ ಕೊಟ್ಟರು. ಹಾಲೆಂಡಿನ ಲೈಡನ್ನಿನಲ್ಲಿ ಫಾನ್ ಡೆ ಹುಲ್ಸ್ಟ್ ಅವರು 1957ರಲ್ಲಿ ಸಣ್ಣ ಕಣಗಳ ಚೆದುರಿಕೆಯನ್ನು ಕುರಿತು ಬರೆದ ಗ್ರಂಥ ಈ ವಿಷಯದ ಕೈಪಿಡಿಯಾಯಿತು.

ಎರಡನೆಯದು ಹೊಸ ಅಳತೆಗಳು. ಲಿಯೋ ಅವರದು ಕಣ್ಣಿನ ಅಳತೆ. 1960ರ ದಶಕದಲ್ಲಿ ಗೆಹ್ರೆಲ್ಸ್, ಕಾಫೀನ್, ಡಾಲ್ಫ್ಯೂಸ್ ಮೊದಲಾದವರು ವಿದ್ಯುತ್ ಉಪಕರಣಗಳಿಂದ ನೇರಳಾತೀತದಿಂದ ಅವಕೆಂಪಿನವರೆಗೆ ಬೇರೆ ಬೇರೆ ಅಲೆಯುದ್ದಗಳಲ್ಲಿ ಶುಕ್ರನನ್ನು ಅಳೆದರು. ಒಂದು ರೇಖೆಯಿದ್ದಲ್ಲಿ ರೇಖೆಗಳ ಒಂದು ಸಮೂಹವೇ ಸಿದ್ಧವಾಯಿತು. ಧ್ರುವೀಕರಣವೂ ರೋಹಿತವೂ ಒಂದಾಗುವುದು ಈ ಹಂತದಲ್ಲಿ. ಮೂರನೆಯದು ಗಣಕಯಂತ್ರ, ಮೀ ಅವರ ದೀರ್ಘವಾದ ಶ್ರೇಢಿಗಳನ್ನು ಸಾವಿರಾರು ಗಾತ್ರಗಳಿಗೆ ಕೂಡಿಸುವ ಕೆಲಸ ಕೈಲೆಕ್ಕಕ್ಕೆ ಎಟುಕುವಂಥದಾಗಿರಲಿಲ್ಲ.

ಈ ಮೂರನ್ನೂ ಒಂದುಗೂಡಿಸಿದವರು ಲೈಡನ್ನಿನಲ್ಲಿ ಫಾನ್ ಡೆ ಹುಲ್ಸ್ಟ್ ಅವರ ಬಳಿ ಕೆಲಕಾಲ ಇದ್ದು ನ್ಯೂಯಾರ್ಕಿಗೆ ಮರಳಿದ ಜೇಮ್ಸ್ ಹ್ಯಾನ್ಸನ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಹೋವೆನಿಯರ್ ಅವರು. ಅವರ ಪ್ರಬಂಧ 1974ರಲ್ಲಿ ಪ್ರಕಟವಾಯಿತು. ಅದರ ಹಿಂದಿರುವ ಮುಖ್ಯ ತತ್ತ್ವವನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಅನೇಕ ಸಲ ಚೆದುರಿದ ಬೆಳಕು ಗ್ರಹದ ಕಾಂತಿಯನ್ನು ಹೆಚ್ಚಿಸುತ್ತದೆ, ಆದರೆ ದಿಕ್ಕಿನ ನೆನಪನ್ನು ಕಳೆದುಕೊಂಡಿರುತ್ತದೆ. ಅದರ ಧ್ರುವೀಕರಣ ಅತ್ಯಲ್ಪ. ಒಂದೇ ಸಲ ಚೆದುರಿ ಬಂದ ಬೆಳಕು ಮಾತ್ರ ಹನಿಯ ಗುರುತನ್ನು ಉಳಿಸಿಕೊಂಡಿರುತ್ತದೆ. ಆದುದರಿಂದ ಕಾಂತಿಯ ರೇಖೆಯಲ್ಲಿ ಅಳಿಸಿಹೋದ ಲಕ್ಷಣಗಳು ಧ್ರುವೀಕರಣದ ರೇಖೆಯಲ್ಲಿ ಉಳಿದಿರುತ್ತವೆ.

ಹಾಗೆ ಉಳಿದ ಲಕ್ಷಣಗಳಲ್ಲಿ ಮೊದಲನೆಯದು, ಲಿಯೋ ಅವರು 20 ಡಿಗ್ರಿಯ ಬಳಿ ಕಂಡಿದ್ದ ಶಿಖರ. ಅದು ಶುಕ್ರನ ಮೋಡಗಳ ಕಾಮನಬಿಲ್ಲೇ ಆಗಿತ್ತು. ಬಿಲ್ಲು ಇರುವುದರಿಂದ ಕಣಗಳು ಗೋಳಾಕಾರದವು, ಅಂದರೆ ದ್ರವದ ಹನಿಗಳು. ಹಿಮದ ಹರಳುಗಳಾಗಲಿ ಒಡ್ಡೊಡ್ಡಾದ ಧೂಳಾಗಲಿ ಅಲ್ಲ. ಶಿಖರದ ಸ್ಥಾನವೂ ಅಲೆಯುದ್ದದೊಡನೆ ಅದು ಬದಲಾಗುವ ಕ್ರಮವೂ ಕೂಡಿ, ಹಳದಿ ಹಸುರು ಬೆಳಕಿನಲ್ಲಿ ವಕ್ರೀಭವನಾಂಕ 1.44 ಎಂದೂ, ಹೆಚ್ಚು ಕಡಿಮೆ 0.015ರ ಒಳಗೆ ಅದು ಸರಿಯೆಂದೂ ತೋರಿಸಿದವು. ಹನಿಗಳ ಸರಾಸರಿ ತ್ರಿಜ್ಯ 1.05 ಮೈಕ್ರಾನ್, ಅಂದರೆ ವ್ಯಾಸ ಎರಡು ಮೈಕ್ರಾನಿಗಿಂತ ತುಸು ಹೆಚ್ಚು. ಗಾತ್ರದ ವಿಷಯದಲ್ಲಿ ಲಿಯೋ ಅವರ ಅಂದಾಜು ಇದಕ್ಕೆ ಎಷ್ಟು ಹತ್ತಿರವಾಗಿತ್ತೆಂಬುದು ಗಮನಾರ್ಹ. ನೇರಳಾತೀತದ ರೇಖೆಯಲ್ಲಿ 90 ಡಿಗ್ರಿಯ ಸುತ್ತ ಕಾಣುವ ಉಬ್ಬು ಮೋಡಗಳ ಮೇಲಣ ಅನಿಲದಿಂದ ಬಂದದ್ದು. ಅದರಿಂದ ಮೋಡಗಳ ಮೇಲ್ತುದಿಯಲ್ಲಿ ವಾಯುಭಾರ ಸುಮಾರು 50 ಮಿಲಿಬಾರ್ ಎಂದು ತಿಳಿಯಿತು.

7

ನೀರಿನ ಅಂಕ 1.33, ಹಿಮದ್ದು 1.31. ಇವೆರಡೂ ಕಳಚಿಕೊಂಡವು. 1.44 ಅಂಕವುಳ್ಳ ದ್ರವ ಯಾವುದು? 1970ರ ದಶಕದ ಆರಂಭದಲ್ಲಿ ಗಾಡ್‌ಫ್ರೆ ಸಿಲ್ ಅವರೂ ಆಂಡ್ರ್ಯೂ ಯಂಗ್ ಅವರೂ ಪರಸ್ಪರ ಸ್ವತಂತ್ರವಾಗಿ ಒಂದೇ ಉತ್ತರವನ್ನು ಮುಂದಿಟ್ಟರು: ಗಂಧಕಾಮ್ಲ. ನೂರಕ್ಕೆ ಸುಮಾರು 75 ಪಾಲು ಆಮ್ಲವೂ ಉಳಿದದ್ದು ನೀರೂ ಆಗಿರುವ ದ್ರಾವಣದ ವಕ್ರೀಭವನಾಂಕ ಅಳತೆಗೆ ಸರಿಹೊಂದುತ್ತದೆ. ಮೋಡಗಳ ಮೇಲೆ ನೀರಾವಿ ಏಕೆ ಅಷ್ಟು ವಿರಳ ಎಂಬ ಒಗಟೂ ಇದರಿಂದ ಬಿಡಿಸಿಕೊಂಡಿತು. ಪ್ರಬಲವಾದ ಗಂಧಕಾಮ್ಲ ನೀರನ್ನು ಹೀರಿಕೊಳ್ಳುವುದನ್ನು ರಸಾಯನಶಾಲೆಯಲ್ಲಿ ಕೆಲಸಮಾಡಿದವರೆಲ್ಲ ಬಲ್ಲರು. ವಿಮಾನದಿಂದ ನಡೆಸಿದ ಅವಕೆಂಪು ವೀಕ್ಷಣೆಗಳೂ ಇದನ್ನು ಸಮರ್ಥಿಸಿದವು.

ಕೊನೆಯ ಸಾಕ್ಷ್ಯ ಅನಿರೀಕ್ಷಿತವಾದ ರೀತಿಯಲ್ಲಿ ಬಂದಿತು. 1978ರ ಡಿಸೆಂಬರ್ 9ರಂದು ಪಯೊನೀರ್ ವೀನಸ್ ಯೋಜನೆಯ ದೊಡ್ಡ ಶೋಧಕವು ಶುಕ್ರನ ಮೋಡಗಳ ಮೂಲಕ ಇಳಿಯುತ್ತಿದ್ದಾಗ, ಅನಿಲಗಳನ್ನು ತೂಗುವ ಉಪಕರಣದ ಬಾಯಿ ಮೋಡದ ಹನಿಯಿಂದ ಕಟ್ಟಿಕೊಂಡಿತು. ಕಟ್ಟಿದ ಹನಿ ಬಿಸಿಗೆ ಆರುತ್ತ ಹೋದಂತೆ ಗಂಧಕಾಮ್ಲದ ಅಂಶಗಳೇ ಉಪಕರಣದಲ್ಲಿ ದಾಖಲಾದವು. ಅದೇ ಯೋಜನೆಯ ಪರಿಭ್ರಮಕ ನೌಕೆಯಲ್ಲಿದ್ದ ಧ್ರುವೀಕರಣಮಾಪಕವು ಮುಖ್ಯವಾದ ಮೋಡಗಳ ಮೇಲೆ, ವಿಶೇಷವಾಗಿ ಧ್ರುವಪ್ರದೇಶಗಳಲ್ಲಿ, ಇನ್ನೂ ಸಣ್ಣ ಹನಿಗಳ ಮಬ್ಬು ಇರುವುದನ್ನು ಕಂಡಿತು. ಆ ಮಾಪಕದ ಹೊಣೆ ಹೊತ್ತಿದ್ದ ಹ್ಯಾನ್ಸನ್ ಅವರು ಅಷ್ಟರಲ್ಲಿ ಅದನ್ನು ಬಿಟ್ಟು, ಭೂಮಿಯ ಹವೆ ಬದಲಾಗುತ್ತಿರುವುದರ ಅಧ್ಯಯನಕ್ಕೆ ತಿರುಗಿದ್ದರು. ಲಿಯೋ ಅವರು ಇದಾವುದನ್ನೂ ನೋಡಲು ಉಳಿದಿರಲಿಲ್ಲ. ಸುಡಾನಿನಲ್ಲಿ ಗ್ರಹಣವನ್ನು ನೋಡಿ ಹಿಂದಿರುಗುವ ದಾರಿಯಲ್ಲಿ, 1952ರ ಏಪ್ರಿಲ್ 2ರಂದು, ಈಜಿಪ್ಟಿನಲ್ಲಿ ಅವರು ತೀರಿಕೊಂಡಿದ್ದರು.

8

ಈ ವಿಧಾನಕ್ಕೆ ಮಿತಿಗಳಿಲ್ಲದಿಲ್ಲ. ಶುಕ್ರನ ಹನಿಗಳು ಗೋಳಾಕಾರದವಾಗಿದ್ದುದು ಒಂದು ಭಾಗ್ಯವೆಂದೇ ಹೇಳಬೇಕು. ಶನಿಯ ಉಪಗ್ರಹವಾದ ಟೈಟನ್ನಿನ ಮಬ್ಬನ್ನು 1979ರಲ್ಲಿ ಪಯೊನೀರ್ 11 ಅಳೆದಾಗ, ಬಲವಾದ ಧ್ರುವೀಕರಣವು ಕಣಗಳು ಬಹಳ ಸಣ್ಣವೆಂದು ಹೇಳಿತು. ಅನಂತರ ವಾಯೇಜರ್ ನೌಕೆಗಳು ಕಂಡಂತೆ ಬೆಳಕು ಮುಂದಕ್ಕೆ ಚೆದುರುವ ಕ್ರಮವು ಅವು ದೊಡ್ಡವೆಂದು ಹೇಳಿತು. ಸಣ್ಣ ಕಣಗಳು ಗೊಂಚಲುಗಟ್ಟಿದ ಒರಟು ರಚನೆಗಳು ಅವು ಎಂಬ ಸಮಾಧಾನ ಮುಂದೆ ಸೂಚಿತವಾಗಿ, 2005ರ ಜನವರಿಯಲ್ಲಿ ಅಲ್ಲಿಗೆ ಇಳಿದ ಹೈಗೆನ್ಸ್ ಶೋಧಕದ ಅಳತೆಗಳಿಂದ ದೃಢಪಟ್ಟಿತು. ಮೀ ಅವರ ಗೋಳಗಳ ಗಣಿತ ಅಲ್ಲಿ ಸಾಲದಾಯಿತು.

ಇಂದು ಈ ಶಾಸ್ತ್ರದ ಗುರಿ ಸೌರವ್ಯೂಹದ ಆಚೆಗೂ ಚಾಚಿದೆ. ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳ ಬೆಳಕನ್ನು ಓದುವುದಕ್ಕೆ ಮೊದಲು, ನಾವು ಚೆನ್ನಾಗಿ ಬಲ್ಲ ಒಂದು ಗ್ರಹವನ್ನು ದೂರದಿಂದ ಅಳೆದು ನೋಡುವುದು ಅಗತ್ಯ. ಆ ಗ್ರಹ ಭೂಮಿಯೇ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚಂದ್ರನ ಕತ್ತಲ ಭಾಗದ ಮೇಲೆ ಬಿದ್ದು ಮರಳುವ ಭೂಪ್ರಕಾಶದ ಧ್ರುವೀಕರಣ ರೋಹಿತವನ್ನು ಚಿಲಿ ದೇಶದ ದೊಡ್ಡ ದೂರದರ್ಶಕದಿಂದ ಅಳೆದು, ನಮ್ಮ ವಾತಾವರಣದ ಆಮ್ಲಜನಕ, ನೀರಾವಿ, ಮೋಡ ಮತ್ತು ನೆಲದ ಸಸ್ಯಗಳ ಸುಳಿವನ್ನು ಗುರುತಿಸಲಾಯಿತು. 2023ರ ಜುಲೈ 14ರಂದು ಹಾರಿದ ಚಂದ್ರಯಾನ 3ರ ನೋದನ ಘಟಕದಲ್ಲಿಯೂ ಇದೇ ಉದ್ದೇಶದ ಉಪಕರಣವೊಂದಿತ್ತು. ಷೇಪ್ ಎಂಬ ಹೆಸರಿನ, ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾದ ಆ ಧ್ರುವೀಕರಣ ರೋಹಿತಮಾಪಕವು ಚಂದ್ರನ ಕಕ್ಷೆಯಿಂದ ಭೂಮಿಯನ್ನು ಅವಕೆಂಪು ಬೆಳಕಿನಲ್ಲಿ ನೋಡಿತು.

ಶುಕ್ರನ ಮೋಡಗಳ ಚರಿತ್ರೆಯಿಂದ ಭೌತಶಾಸ್ತ್ರವನ್ನು ಬೋಧಿಸುವವರೂ ಅಭ್ಯಸಿಸುವವರೂ ಗ್ರಹಿಸಬೇಕಾದುದು ಇಷ್ಟು. 1929ರ ವಕ್ರರೇಖೆಯಲ್ಲಿ ಮೋಡಗಳ ಸ್ವರೂಪ ಅಡಗಿತ್ತು. ಆದರೆ ಅದರಿಂದ ನೀರನ್ನು ಓದಿದವರು ರೇಖೆ ಹೇಳದೆ ಇದ್ದುದನ್ನು ಅದರ ಬಾಯಿಂದ ಹೇಳಿಸಿದರು. ಊಹೆ ಬಿದ್ದಾಗ ರೇಖೆ ಬೀಳಲಿಲ್ಲ, ಏಕೆಂದರೆ ಲಿಯೋ ಅವರು ಅಳೆಯುವಾಗ ಯಾವ ಊಹೆಯನ್ನೂ ಅದಕ್ಕೆ ಬೆರೆಸಿರಲಿಲ್ಲ. ಸಾವಿರದಲ್ಲಿ ಒಂದು ಪಾಲಿನವರೆಗೆ ಕಂಡದ್ದನ್ನು ಕಂಡಂತೆಯೇ ಬರೆದಿಟ್ಟಿದ್ದರು. 1974ರ ಪ್ರಬಂಧದ ಗಣಿತವನ್ನು ಒರೆಗೆ ಹಚ್ಚಲು ಹೊಸ ಅಳತೆಗಳ ಜೊತೆಗೆ ಆ ಹಳೆಯ ಅಳತೆಗಳೂ ಉಪಯೋಗಕ್ಕೆ ಬಂದವು.